ಸೆರೆಯಲ್ಲಿ ಕುಳಿತು ಹೊಲ ಕೊಂಡವನು

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಈ ತಿಂಗಳ ಪತ್ರಗಳಲ್ಲಿ ಬಹುಪಾಲು ಒಂದೇ ಮಾತು ಕೇಳುತ್ತವೆ. ದೇವರನ್ನು ನಂಬಿದೆವು, ಏನು ಸಿಕ್ಕಿತು? ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಮಠದ ಸಿಸ್ಟರ್ ಅಲ್ಲ, ಆಸ್ಪತ್ರೆಯ ಸಿಸ್ಟರ್. ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಈಗ ಮನೆಯಲ್ಲಿ ಕುಳಿತಿದ್ದೇನೆ. ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಸಭೆಯವಳು. ದೇವಶಾಸ್ತ್ರದ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಸತ್ಯವೇದ (ಬೈಬಲ್) ಓದಿದ್ದೇನೆ, ವಾರ್ಡಿನಲ್ಲಿ ಜನರನ್ನು ನೋಡಿದ್ದೇನೆ. ಅಷ್ಟೇ ನನ್ನ ಬಂಡವಾಳ.

ಒಂದು ಪತ್ರಕ್ಕೆ ಎಲ್ಲಕ್ಕಿಂತ ಮೊದಲು ಉತ್ತರ ಕೊಡಬೇಕು. ಮಿಕ್ಕವರು ಕಾಯಿರಿ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ, ಹಾಸ್ಟೆಲಿನಲ್ಲಿದ್ದೇನೆ. ಕೆಲವು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನಿಸುತ್ತದೆ. ಊರಿಗೆ ಹೋದಾಗ ಪ್ರಾರ್ಥನೆ ಮಾಡಿದವರು ಇದು ದುರಾತ್ಮದ ಕಾಟ, ಉಪವಾಸ ಇರು ಅಂದರು. ನನ್ನ ನಂಬಿಕೆ ಸತ್ತುಹೋಗಿದೆಯಾ? (ಹೆಸರು ಬೇಡ)

ಮಗಳೇ, ಉಪವಾಸ ಬೇಡ. ಇದನ್ನು ಓದಿ ಮುಗಿಸಿದ ಮೇಲೆ ಮೊದಲು ಏನಾದರೂ ತಿನ್ನು.

ಆಮೇಲೆ ಫೋನ್ ತೆಗೆದುಕೊಂಡು 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗಳಿಗೆ ಇರುವ ಸಹಾಯವಾಣಿ, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇವತ್ತೇ ಹಾಸ್ಟೆಲಿನಲ್ಲಿ ನಿನಗೆ ಹತ್ತಿರದ ಒಬ್ಬರನ್ನು ಕೂರಿಸಿಕೊಂಡು ನನಗೆ ಬರೆದದ್ದನ್ನೇ ಹೇಳು. ಇವತ್ತು ರಾತ್ರಿ ಒಬ್ಬಳೇ ಇರಬೇಡ. ತಡೆಯಲಾರೆ ಅನ್ನಿಸಿದರೆ 112ಕ್ಕೆ ಕರೆ ಮಾಡು, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ಕರೆದುಕೊಂಡು ಹೋಗು. ಮನಸ್ಸಿನ ಕಾಯಿಲೆಗೇ ಅಂತ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ನಿದ್ದೆ ಹೋಗಿದೆ, ಹಸಿವು ಹೋಗಿದೆ, ಬದುಕು ಬೇಡ ಅನಿಸುತ್ತದೆ. ಈ ಮೂರೂ ಒಟ್ಟಿಗೆ ಬಂದರೆ ಆಸ್ಪತ್ರೆಯಲ್ಲಿ ನಾವು ಅದನ್ನು ಕಾಯಿಲೆ ಅಂತಲೇ ನೋಡುತ್ತೇವೆ. ಅದಕ್ಕೆ ಚಿಕಿತ್ಸೆ ಇದೆ. ವಾಸಿಯಾದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನು ನಂಬಿಕೆಯ ವಿಷಯ. ಎಲೀಯ ದೊಡ್ಡ ಪ್ರವಾದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು ಕಂಡವನು ಮುಂದಿನ ಅಧ್ಯಾಯದಲ್ಲೇ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ಸಾಕಪ್ಪಾ ನನ್ನ ಪ್ರಾಣ ತೆಗೆದುಕೋ ಅಂದ. ಒಂದನೇ ಅರಸುಗಳು 19 ತೆಗೆದು ನೋಡು. ದೇವರು ಅವನನ್ನು ಬೈಯಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದದ್ದೂ ಊಟಕ್ಕೇ. ಮಾತುಕತೆಯೆಲ್ಲ ಆಮೇಲೆ, ಬಹಳ ದೂರ ನಡೆದ ಮೇಲೆ. ಎಲೀಯನಿಗೆ ದುರಾತ್ಮ ಹಿಡಿದಿತ್ತು ಅಂತ ಅಲ್ಲಿ ಎಲ್ಲೂ ಬರೆದಿಲ್ಲ.

ಪ್ರಾರ್ಥನೆ ಮಾಡಲು ಆಗದಿದ್ದರೆ ಬಿಡು. ನಿನ್ನ ಪಾಲಿನದನ್ನು ಈಗ ನಾವು ಮಾಡುತ್ತೇವೆ. ಡಾಕ್ಟರನ್ನು ನೋಡಿದ ಮೇಲೆ ನನಗೆ ಎರಡು ಸಾಲು ಬರೆ. ಉತ್ತರ ಪತ್ರಿಕೆಯಲ್ಲಿ ಬರುವುದಿಲ್ಲ, ನೇರ ನಿನಗೇ ಬರುತ್ತದೆ.

ಪ್ರಶ್ನೆ: ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಅಂತ ಕೊಡುವ ವಾಗ್ದಾನ ವಚನದ ಕಾರ್ಡಿನಲ್ಲಿ ನನಗೆ ಬಂದದ್ದು ಯೆರೆಮೀಯ 29:11. ತುಂಬಾ ಸಂತೋಷವಾಗಿತ್ತು, ಫ್ರಿಜ್ ಮೇಲೆ ಅಂಟಿಸಿದೆ. ಆದರೆ ಈ ವರ್ಷವೇ ನಮ್ಮ ಯಜಮಾನರ ಅಂಗಡಿ ಮುಚ್ಚಿತು. ಸಂಘದ ಸಾಲ, ಕೈಸಾಲ ಎರಡೂ ಇವೆ. ಮಗನ ಫೀಸು ಕಟ್ಟಿಲ್ಲ. ಒಬ್ಬ ದೇವರ ಸೇವಕರು ‘ಬಿತ್ತನೆ ಕಾಣಿಕೆ’ ಕೊಟ್ಟರೆ ನೂರರಷ್ಟು ಬರುತ್ತದೆ ಅಂದಿದ್ದಾರೆ. ಒಡವೆ ಒಂದೇ ಉಳಿದಿದೆ. ಕೊಡಲಾ? ವಾಗ್ದಾನ ಸುಳ್ಳಾಯಿತಾ? (ಹಾಸನ ಜಿಲ್ಲೆಯಿಂದ ಒಬ್ಬ ತಾಯಿ)

ಒಡವೆ ಕೊಡಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಬಡ ವಿಧವೆ ಎರಡು ಕಾಸು ಹಾಕಿದ ಕಥೆಯನ್ನು ಅವರು ನಿಮಗೆ ಹೇಳಿರುತ್ತಾರೆ. ಮಾರ್ಕ 12ನೇ ಅಧ್ಯಾಯ. ಅದೇ ಅಧ್ಯಾಯದಲ್ಲಿ ಆ ಕಥೆಗೆ ಸ್ವಲ್ಪ ಮೇಲೆ ಕಣ್ಣು ಹಾಯಿಸಿ. ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವವರಿಗೆ ಯೇಸು ಎಂಥ ಶಿಕ್ಷೆ ಹೇಳಿದ್ದಾನೆ ಅಂತ ಇದೆ. ಎರಡೂ ಒಂದೇ ಕಡೆ ಇವೆ. ಒಂದನ್ನು ಮಾತ್ರ ಯಾಕೆ ಓದುತ್ತಾರೋ ನನಗಂತೂ ಚೆನ್ನಾಗಿ ಗೊತ್ತು.

ಈಗ ನಿಮ್ಮ ವಚನ. ಅದು ಸುಳ್ಳಲ್ಲ. ಆದರೆ ಕಾರ್ಡಿನಲ್ಲಿ ಜಾಗ ಸಾಲದು, ಅದಕ್ಕೇ ಅರ್ಧ ಮಾತ್ರ ಅಚ್ಚಾಗುತ್ತದೆ. ನಿಮಗಾಗಿ ನನ್ನ ಯೋಚನೆ ಹಿತದ್ದು, ನಿಮಗೆ ನಿರೀಕ್ಷೆ ಇದೆ ಅನ್ನುವುದು 11ನೇ ವಚನ. ಅದರ ಹಿಂದಿನ 10ನೇ ವಚನದಲ್ಲಿ ಏನಿದೆ ಗೊತ್ತಾ? ಎಪ್ಪತ್ತು ವರ್ಷ ಆದ ಮೇಲೆ ಅಂತ. ಎಪ್ಪತ್ತು! ಹೊಸ ವರ್ಷದ ರಾತ್ರಿ ಆ ವಚನ ಬಂದ ಕಾರ್ಡನ್ನು ನಾನು ಈವರೆಗೆ ನೋಡಿಲ್ಲ.

ನಡೆದದ್ದು ಹೀಗೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ (ಬ್ಯಾಬಿಲೋನ್) ಅರಸ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಅರಸನನ್ನೂ ದೊಡ್ಡವರನ್ನೂ ಕಮ್ಮಾರ ಬಡಗಿಗಳನ್ನೂ ಸೆರೆ ಹಿಡಿದುಕೊಂಡು ಹೋದ. ಹೋದವರು ಇವತ್ತು ವಾಪಸು ಬರುತ್ತೇವೆ, ನಾಳೆ ಬರುತ್ತೇವೆ ಅಂತ ಕಾದರು. ಇಲ್ಲಿ ಊರಿನಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ. ಎರಡೇ ವರ್ಷ, ಎಲ್ಲ ಸರಿಯಾಗುತ್ತದೆ ಅಂತ ದೇವಾಲಯದಲ್ಲಿ ನಿಂತು ಸಾರಿದ. ಜನರಿಗೆ ಖುಷಿ. ಪ್ರವಾದಿ ಯೆರೆಮೀಯನೂ ಅವನಿಗೆ ಮೊದಲು ಹೇಳಿದ್ದು ‘ಆಮೆನ್, ಹಾಗೇ ಆಗಲಿ’ ಅಂತಲೇ. ನನಗೆ ಆ ಜಾಗ ಬಹಳ ಇಷ್ಟ. ಅವನಿಗೂ ಎರಡೇ ವರ್ಷದಲ್ಲಿ ಮುಗಿದರೆ ಸಾಕಿತ್ತು, ಪಾಪ. ಆದರೆ ದೇವರು ಅವನಿಗೆ ಕೊಟ್ಟ ಮಾತು ಬೇರೆ. ಸೆರೆಯವರಿಗೆ ಅವನು ಬರೆದ ಪತ್ರದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದುಕೊಂಡು ಹೋದ ಆ ಊರಿಗೇ ಕ್ಷೇಮ ಕೇಳಿಕೊಳ್ಳಿ ಅಂತ ಇದೆ. ನಿಮ್ಮ ಫ್ರಿಜ್ ಮೇಲಿನ ವಚನ ಆ ಪತ್ರದ್ದು.

ಎರಡು ವರ್ಷ ಅಂದವನ ಮಾತನ್ನು ನಂಬಿದವರು ಬಾಬೆಲಿನಲ್ಲಿ ಒಂದು ಗಿಡವನ್ನೂ ನೆಟ್ಟಿರುವುದಿಲ್ಲ. ಹೇಗಿದ್ದರೂ ಹೋಗುತ್ತೇವಲ್ಲ, ಯಾಕೆ ನೆಡಬೇಕು ಅಂತ. ದೇವರು ಕೊಡುವ ನಿರೀಕ್ಷೆಗೂ ನಿಮ್ಮ ಆ ಸೇವಕರು ಮಾರುವ ನಿರೀಕ್ಷೆಗೂ ಇಲ್ಲೇ ವ್ಯತ್ಯಾಸ ಕಾಣುತ್ತದೆ. ಒಂದು ಕೈಗೆ ಗುದ್ದಲಿ ಕೊಡುತ್ತದೆ. ಇನ್ನೊಂದು ಕೈಯಲ್ಲಿರುವುದನ್ನೂ ಕಿತ್ತುಕೊಳ್ಳುತ್ತದೆ.

ಇನ್ನೂ ಮೂರು ಅಧ್ಯಾಯ ಮುಂದೆ ಹೋಗಿ, 32ಕ್ಕೆ. ಹತ್ತು ವರ್ಷ ಕಳೆದಿದೆ. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಯೆರೆಮೀಯನನ್ನು ಅವನ ಅರಸನೇ ಕಾವಲಿನವರ ಅಂಗಳದಲ್ಲಿ ಸೆರೆ ಇಟ್ಟಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿ ನನ್ನ ಹೊಲ ಇದೆ ಕೊಂಡುಕೋ ಅನ್ನುತ್ತಾನೆ. ನಾನಾಗಿದ್ದರೆ ನಕ್ಕುಬಿಡುತ್ತಿದ್ದೆ. ಶತ್ರು ಸುತ್ತ ಕುಳಿತಿರುವ ನೆಲವನ್ನು ಯಾರು ಕೊಳ್ಳುತ್ತಾರೆ? ಯೆರೆಮೀಯ ಕೊಂಡ. ಹದಿನೇಳು ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟ. ಈಗಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ. ಕ್ರಯಪತ್ರ ಬರೆಸಿದ, ಸಾಕ್ಷಿಗಳ ಸಹಿ ಹಾಕಿಸಿದ, ಮುದ್ರೆ ಹಾಕಿದ್ದೊಂದು ಪ್ರತಿ, ತೆರೆದದ್ದೊಂದು ಪ್ರತಿ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ. ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಹಾಕಿಡು, ಬಹುಕಾಲ ಉಳಿಯಲಿ ಅಂತ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟ. ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆತೋಟಗಳ ವ್ಯಾಪಾರ ಮತ್ತೆ ನಡೆಯುತ್ತದೆ ಅಂತ ದೇವರು ಹೇಳಿದ್ದಾನೆ, ಅದಕ್ಕೆ.

ಆ ಹೊಲದಲ್ಲಿ ಯೆರೆಮೀಯ ಒಂದು ಸೇರು ಧಾನ್ಯ ಬೆಳೆದ ಅಂತ ಎಲ್ಲೂ ಬರೆದಿಲ್ಲ. ಊರು ಬಿತ್ತು. ಅವನ ಜನರೇ ಅವನನ್ನು ಐಗುಪ್ತಕ್ಕೆ (ಈಜಿಪ್ಟ್) ಎಳೆದುಕೊಂಡು ಹೋದರು. ಮತ್ತೆ ಊರಿಗೆ ಬಂದ ಸುದ್ದಿ ಇಲ್ಲ. ಬಾಬೆಲ್ ಬಿದ್ದದ್ದು ಕ್ರಿಸ್ತಪೂರ್ವ 539ರಲ್ಲಿ. ಜನ ವಾಪಸು ಬಂದದ್ದು ಅದಾದ ಮೇಲೆ. ಬಂದರು, ಹೊಲ ಉತ್ತರು, ಮನೆ ಕಟ್ಟಿದರು.

ನಿಮ್ಮ ಸಾಲ ಎಪ್ಪತ್ತು ವರ್ಷ ಇರುತ್ತದೆ ಅಂತ ನಾನು ಹೇಳುತ್ತಿಲ್ಲ, ಹೆದರಬೇಡಿ. ಗುದ್ದಲಿ ಹಿಡಿಯಿರಿ ಅಂತಿದ್ದೇನೆ. ಯಜಮಾನರನ್ನು ಕೂರಿಸಿಕೊಂಡು ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಬಡ್ಡಿ ಜಾಸ್ತಿ ಇರುವುದು ಮೇಲೆ. ಸಂಘದವರ ಹತ್ತಿರ ಕಂತು ಚಿಕ್ಕದು ಮಾಡಿ ಅಂತ ಕೇಳಿ, ಬಾಯಿಬಿಟ್ಟು ಕೇಳಬೇಕು. ಮಗನ ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನು ನೀವೇ ಹೋಗಿ ನೋಡಿ. ನಿಮ್ಮ ಸಭಾಪಾಲಕರಿಗೆ ವಿಷಯ ಹೇಳಿದ್ದೀರಾ? ಹೇಳಿ. ಮರ್ಯಾದೆ ಅಂತ ಮುಚ್ಚಿಟ್ಟುಕೊಂಡರೆ ಯಾರು ಏನು ಮಾಡಲಿಕ್ಕಾಗುತ್ತದೆ?

ವಚನ ಫ್ರಿಜ್ ಮೇಲೇ ಇರಲಿ. ಪಕ್ಕದಲ್ಲಿ 5ನೇ ವಚನದಿಂದ 10ರವರೆಗೆ ಕೈಯಲ್ಲಿ ಬರೆದು ಅಂಟಿಸಿ.

ಪ್ರಶ್ನೆ: ನೀವು ಯಾವಾಗಲೂ ಯೆರೂಸಲೇಮು, ಬಾಬೆಲು ಅಂತ ಹೇಳುತ್ತೀರಿ. ಇಲ್ಲವೇ ಜರ್ಮನಿಯ ಮಿಷನರಿಗಳ ಕಥೆ. ನಮ್ಮ ನೆಲದವರಿಗೆ ಈ ನಿರೀಕ್ಷೆ ಸಿಕ್ಕಿದ್ದಿಲ್ಲವೇ? (ಕಾರ್ಕಳದಿಂದ ಒಬ್ಬ ಶಾಲಾ ಮಾಸ್ತರರು)

ಮಾಸ್ತರೇ, ನೀವು ಕಾರ್ಕಳದಲ್ಲಿ ಕುಳಿತು ಇದನ್ನು ಕೇಳುತ್ತೀರಲ್ಲ! ನಿಮ್ಮ ತಾಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಅವರ ಮಗಳು ಪಂಡಿತಾ ರಮಾಬಾಯಿ. ಹೆಂಗಸರಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರಿನವರ ವಿರೋಧ ಕಟ್ಟಿಕೊಂಡ ಅಪ್ಪ, ಘಟ್ಟದ ಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. 1858ರ ಏಪ್ರಿಲಿನಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲೇ. ಆಮೇಲೆ ಸಂಸಾರ ಸಮೇತ ಊರೂರು ತಿರುಗುತ್ತಾ ಪುರಾಣ ಹೇಳಿ ಬದುಕಿದರು. ಬರಗಾಲ ಬಂತು. 1874ರಲ್ಲಿ ಅಪ್ಪ ಹಸಿವಿನಿಂದ ಸತ್ತರು. ಕೆಲವೇ ತಿಂಗಳಲ್ಲಿ ಅಮ್ಮನೂ ಅಕ್ಕನೂ ಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ. ಇಬ್ಬರೂ ದೇಶದ ಉದ್ದಕ್ಕೂ ನಡೆದರು, ಹೆಚ್ಚುಕಡಿಮೆ ಬರಿಗಾಲಿನಲ್ಲಿ. ದೇವರ ಮೇಲಿನ ಭರವಸೆಯೂ ದಾರಿಯಲ್ಲೇ ಸವೆದುಹೋಯಿತು. 1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಈ ಹುಡುಗಿಯ ಪಾಂಡಿತ್ಯ ನೋಡಿ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಬಂಗಾಳದ ಒಬ್ಬ ವಕೀಲರನ್ನು ಮದುವೆಯಾದರು. 1882ರಲ್ಲಿ ಅವರೂ ಕಾಲರಾಕ್ಕೆ ಹೋದರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ.

ಮರುವರ್ಷ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ತಲೆ ಆಡಿಸಿ ಕುಳಿತುಕೊಳ್ಳುವ ಹೆಂಗಸಲ್ಲ. ಅಲ್ಲಿನ ಮಠದ ಸಿಸ್ಟರ್‌ಗಳ ಜೊತೆ ಸಿದ್ಧಾಂತದ ಮೇಲೆ ಪತ್ರಗಳಲ್ಲಿ ಜಗಳವೇ ಆಡಿದರು. ಅರ್ಥವಾಗದ್ದನ್ನು ನೀವು ಹೇಳಿದಿರಿ ಅಂತ ಒಪ್ಪಲಾರೆ ಅಂದರು. ದೀಕ್ಷಾಸ್ನಾನವಾಗಿ ಎಷ್ಟೋ ವರ್ಷಗಳ ಮೇಲೆ ತಾವೇ ಬರೆದುಕೊಂಡಿದ್ದಾರೆ, ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನು ಇನ್ನೂ ಸಿಕ್ಕಿರಲಿಲ್ಲ ಅಂತ. ನಮ್ಮ ಸಭೆಗಳಲ್ಲಿ ಪ್ರಶ್ನೆ ಕೇಳುವ ಹುಡುಗರ ಬಾಯಿ ಮುಚ್ಚಿಸುವ ಹಿರಿಯರು ಇದನ್ನು ಓದಬೇಕು.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. ಆಮೇಲೆ ಪುಣೆ ಹತ್ತಿರ ಕೇಡಗಾಂವಿನಲ್ಲಿ ಮುಕ್ತಿ ಮಿಷನ್. 1896-97ರ ಬರಗಾಲದಲ್ಲಿ ಹಳ್ಳಿ ಹಳ್ಳಿ ಸುತ್ತಿ ಅನಾಥ ಹೆಣ್ಣುಮಕ್ಕಳನ್ನು ಗಾಡಿಗಟ್ಟಲೆ ಕರೆತಂದರು. ತನ್ನ ತಾಯಿ ತಂದೆಯನ್ನು ನುಂಗಿದ್ದೂ ಬರಗಾಲವೇ ಅನ್ನುವುದನ್ನು ಮರೆಯಬೇಡಿ. ಬಂದ ಹುಡುಗಿಯರಿಗೆ ನೇಯ್ಗೆ, ತೋಟಗಾರಿಕೆ, ಅಚ್ಚುಮೊಳೆ ಜೋಡಿಸುವುದು ಎಲ್ಲ ಕಲಿಸಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಸತ್ಯವೇದವನ್ನು ಮರಾಠಿಗೆ ತಂದರು. ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು, ಅದನ್ನು ನೋಡಿಕೊಂಡವಳು ಮನೋರಮಾ. 1921ರಲ್ಲಿ ಆ ಒಬ್ಬಳೇ ಮಗಳೂ ತೀರಿಹೋದಳು. ತಾಯಿ ಕೆಲಸ ಬಿಡಲಿಲ್ಲ, ಮರುವರ್ಷ ಏಪ್ರಿಲಿನಲ್ಲಿ ತಾವೂ ಹೋದರು.

ಅವರ ಬರಹದಲ್ಲಿ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟದ್ದು ಅಪ್ಪನ ಕಡೆಯ ಗಳಿಗೆ. ಹಸಿದು, ಕಣ್ಣು ಕಾಣದ ಮುದುಕ, ಕಿರಿ ಮಗಳನ್ನು ಹತ್ತಿರ ಎಳೆದುಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬದುಕೆಲ್ಲ ಅವನ ಸೇವೆ ಮಾಡು ಅಂದರಂತೆ. ವೈಷ್ಣವ ಭಕ್ತರಾದ ಅಪ್ಪ ಹೇಳಿದ ಆ ಮಾತನ್ನು ಕ್ರೈಸ್ತಳಾದ ಮಗಳು ಕಡೆಯವರೆಗೂ ಎದೆಯಲ್ಲಿ ಇಟ್ಟುಕೊಂಡಿದ್ದರು.

ಮಕ್ಕಳನ್ನು ಮಾಳಕ್ಕೆ ಒಂದು ದಿನ ಕರೆದುಕೊಂಡು ಹೋಗಿ ಮಾಸ್ತರೇ.

ಪ್ರಶ್ನೆ: ನನ್ನ ತಾಯಿ ಕ್ಯಾನ್ಸರಿನಿಂದ ತೀರಿಕೊಂಡು ಎಂಟು ತಿಂಗಳಾಯಿತು. ಇಡೀ ಸಭೆ ಪ್ರಾರ್ಥಿಸಿತು, ಸರಪಳಿ ಪ್ರಾರ್ಥನೆ ನಡೆಯಿತು. ಈಗ ಅದೇ ಸಭೆಯ ಒಬ್ಬರು, ನಿಮ್ಮ ಮನೆಯವರ ನಂಬಿಕೆ ಕಮ್ಮಿ ಇತ್ತು, ಅದಕ್ಕೇ ಅಂದರು. ಆವತ್ತಿನಿಂದ ನನಗೆ ಒಂದು ಗೀತೆ ಹಾಡಲೂ ಆಗುತ್ತಿಲ್ಲ. ದೇವರ ಮೇಲೆ ಸಿಟ್ಟಿದೆ. (ಬೆಂಗಳೂರಿನಿಂದ ಒಬ್ಬ ಮಗ)

ಸಿಟ್ಟು ಇರಲಿ. ಅದನ್ನು ದೇವರ ಎದುರಿಗೇ ಹೇಳಿ. ಸತ್ಯವೇದದಲ್ಲಿ 150 ಕೀರ್ತನೆಗಳಿವೆ, ಸುಮಾರು ಮೂರನೇ ಒಂದು ಭಾಗ ಅಳುವುದು, ದೂರುವುದು, ಎಷ್ಟು ದಿನ ಹೀಗೆ ಅಂತ ಕೇಳುವುದೇ. 88ನೇ ಕೀರ್ತನೆಯಲ್ಲಂತೂ ಕೊನೆಯವರೆಗೂ ಒಂದು ಬೆಳಕಿನ ಮಾತಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಸ್ತೋತ್ರದ ಕೀರ್ತನೆಗಳ ಜೊತೆಗೇ ಇಟ್ಟಿದ್ದಾರೆ. ಹಾಡಲು ಆಗದ ಭಾನುವಾರ ಅದನ್ನು ಓದಿಕೊಂಡು ಸುಮ್ನೆ ಕುಳಿತಿರಿ. ಅದೂ ಆರಾಧನೆಯೇ.

ನಿಮಗೆ ಆ ಮಾತು ಹೇಳಿದವರಿಗೆ ಒಂದು ಪ್ರಶ್ನೆ ಕೇಳಬೇಕು ಅನಿಸುತ್ತದೆ. ಅಪೊಸ್ತಲ ಪೌಲನ ನಂಬಿಕೆ ಕಮ್ಮಿ ಇತ್ತಾ? ಅವನು ಬರೆದ ಎರಡನೇ ತಿಮೊಥೆಯ ಪತ್ರದ ಕೊನೆಯಲ್ಲಿ ಒಂದು ಸಣ್ಣ ಸಾಲಿದೆ. ತ್ರೊಫಿಮನಿಗೆ ಕಾಯಿಲೆ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ. ಎಷ್ಟೋ ಜನರನ್ನು ಗುಣಪಡಿಸಿದ ಪೌಲ ತನ್ನ ಸ್ನೇಹಿತನನ್ನು ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋಗಬೇಕಾಯಿತು. ಶಿಷ್ಯ ತಿಮೊಥೆಯನಿಗೆ ಹೊಟ್ಟೆ ಸರಿ ಇಲ್ಲ ಅಂದಾಗ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ, ನಂಬಿಕೆ ಸಾಲದು ಅಂತ ಬರೆಯಲಿಲ್ಲ. ತನ್ನ ಶರೀರದಲ್ಲಿ ನಾಟಿದ ಶೂಲ ತೆಗೆ ಅಂತ ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ಇನ್ನು ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಅಂತ ಕೇಳಿದ. ತೊಲಗಲಿಲ್ಲ. ಅವನ ನಂಬಿಕೆಯನ್ನೂ ಇವರು ಅಳೆಯುತ್ತಾರಾ?

ವಾರ್ಡಿನಲ್ಲಿ ಇಂಥವರು ಬರುತ್ತಿದ್ದರು. ಕೈಯಲ್ಲಿ ಎಣ್ಣೆ ಶೀಶೆ, ದೊಡ್ಡ ದನಿ. ನೋವಿನ ಮಾತ್ರೆ ಕೊಡಬೇಡಿ, ನಂಬಿಕೆಗೆ ಅಡ್ಡ ಬರುತ್ತದೆ ಅಂತ ರೋಗಿಯ ಮನೆಯವರ ಕಿವಿಯಲ್ಲಿ ಊದುವವರೂ ಇದ್ದರು. ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೇನೆ, ಅದರ ಬಗ್ಗೆ ನನಗೆ ಸ್ವಲ್ಪವೂ ಬೇಜಾರಿಲ್ಲ. ಬೇರೆ ಥರದವರೂ ಬರುತ್ತಿದ್ದರು. ಚಾಮರಾಜನಗರದ ಕಡೆಯ ಒಬ್ಬ ಅಜ್ಜಿಗೆ ಕೊನೆಯ ದಿನಗಳಲ್ಲಿ ಬಾಯಿ ಒಣಗಿ ತುಟಿ ಬಿರಿದಿತ್ತು. ನುಂಗಲು ಆಗುತ್ತಿರಲಿಲ್ಲ. ಸ್ತ್ರೀಯರ ಸಂಘದ ಒಬ್ಬ ಹೆಂಗಸು ದಿನಾ ಸಂಜೆ ಬಂದು, ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತುಟಿಗೆ ಸವರುತ್ತಿದ್ದಳು. ಮೇಲಿನ ತುಟಿ, ಕೆಳಗಿನ ತುಟಿ, ಬಾಯಿಯ ಎರಡು ಮೂಲೆ. ಮತ್ತೆ ಅದ್ದುವುದು. ‘ಯೆಹೋವನು ನನಗೆ ಕುರುಬನು’ ಅಂತ ಮೆಲ್ಲಗೆ ಹೇಳುತ್ತಾ ಮಾಡುತ್ತಿದ್ದಳು. ಅಜ್ಜಿಗೆ ಮಾತು ನಿಂತಿತ್ತು, ಆದರೆ ‘ಕೊರತೆಪಡೆನು’ ಅನ್ನುವ ಕಡೆ ಬಂದಾಗ ತುಟಿ ಅಲ್ಲಾಡುತ್ತಿತ್ತು. ಅಜ್ಜಿ ಉಳಿಯಲಿಲ್ಲ. ಆ ಪ್ರಾರ್ಥನೆ ಸೋತಿತು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ನಿಮ್ಮ ತಾಯಿಯ ವಿಷಯದಲ್ಲಿ ನಮ್ಮ ನಿರೀಕ್ಷೆ ಏನು ಅಂತ ನೇರವಾಗಿ ಹೇಳುತ್ತೇನೆ. ಅವರು ಸುಖವಾಗಿದ್ದಾರೆ, ಅಳಬೇಡ ಅನ್ನುವ ಮಾತನ್ನು ನಾನು ಹೇಳುವುದಿಲ್ಲ. ಸತ್ತ ಸ್ನೇಹಿತ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸು ಸಮಾಧಿಯ ಹತ್ತಿರ ಅತ್ತ. ಸಾವನ್ನು ಪೌಲ ಕಡೆಯ ಶತ್ರು ಅಂತ ಕರೆದಿದ್ದಾನೆ. ಶತ್ರುವನ್ನು ಶತ್ರು ಅಂತಲೇ ಕರೆಯಬಹುದು. ಆದರೆ ನಾವು ನಂಬುವುದು ಆ ಶತ್ರುವಿನ ಕೈಯಿಂದ ಒಬ್ಬ ಎದ್ದು ಬಂದ ಅಂತ. ಎದ್ದು ಬಂದವನ ಕೈಯಲ್ಲಿ ಗಾಯ ಹಾಗೇ ಇತ್ತು, ನಂಬದೆ ಇದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ. ನಿಮ್ಮ ತಾಯಿ ಪಟ್ಟ ನೋವು ಏನೂ ಆಗಲೇ ಇಲ್ಲ ಅನ್ನುವ ಹಾಗೆ ಅಳಿಸಿಹೋಗುವುದಿಲ್ಲ, ಅದನ್ನು ದೇವರು ಬಲ್ಲ, ಅವರನ್ನು ಹೆಸರು ಹಿಡಿದು ಎಬ್ಬಿಸುತ್ತಾನೆ ಅನ್ನುವುದು ನಮ್ಮ ನಂಬಿಕೆ. ಇದನ್ನು ರುಜುವಾತು ಮಾಡಿ ತೋರಿಸಲು ನನ್ನಿಂದ ಆಗದು. ಇದರ ಮೇಲೆ ಭಾರ ಹಾಕಿ ನಿಂತವರನ್ನು ಮಾತ್ರ ನೋಡಿದ್ದೇನೆ.

ಸಭೆಗೆ ಹೋಗಲು ಆಗದಿದ್ದರೆ ಸ್ವಲ್ಪ ದಿನ ಬೇರೆ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಯಾರಾದರೂ ಮತ್ತೆ ನಂಬಿಕೆಯ ಲೆಕ್ಕ ತೆಗೆದರೆ ತ್ರೊಫಿಮನ ಹೆಸರು ಹೇಳಿ. ಅರ್ಧ ಜನಕ್ಕೆ ಅವನು ಯಾರು ಅಂತಲೇ ಗೊತ್ತಿರುವುದಿಲ್ಲ, ಹುಡುಕಿಕೊಂಡು ಹೋಗುತ್ತಾರೆ.

ಪ್ರಶ್ನೆ: ನಾನು ಹಿಂದೂ. ಮಂಗಳವಾರ ಡೋರನಹಳ್ಳಿ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದರೆ ಮನಸ್ಸಿಗೆ ಧೈರ್ಯ ಬರುತ್ತದೆ. ಇದು ತಪ್ಪಾ? ಕ್ರೈಸ್ತಳಾಗದೆ ಈ ನಿರೀಕ್ಷೆ ನನಗೆ ಸಿಗುವುದಿಲ್ಲವಾ? (ಮಂಡ್ಯ)

ಮೇಣದಬತ್ತಿಯ ವಿಷಯದಲ್ಲಿ ನನ್ನನ್ನು ಕೇಳಿದಿರಲ್ಲ, ನಾವು ಸಿ.ಎಸ್.ಐ.ನವರು ಕರೆಂಟು ಹೋದಾಗ ಬಿಟ್ಟರೆ ಹಚ್ಚುವುದೇ ಕಮ್ಮಿ! ಡೋರನಹಳ್ಳಿಗೆ ನಾನೂ ಹೋಗಿದ್ದೇನೆ. ಜೂನ್ 13ರ ಜಾತ್ರೆಗೆ ಅಲ್ಲಿ ಸೇರುವ ಜನರಲ್ಲಿ ನಿಮ್ಮಂಥವರೇ ಬಹಳ. ಹೊಲ ಉಳುವ ರೈತನಿಗೆ ಸಂತ ಅಂತೋಣಿಯವರ ವಿಗ್ರಹ ಸಿಕ್ಕಿತು ಅನ್ನುವುದು ಅಲ್ಲಿಯ ಕಥೆ. ಉಳುವವನ ಜಾತಿ ಯಾವುದು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ತಪ್ಪಲ್ಲ, ಹೋಗಿ. ಯೇಸುವಿನ ಹತ್ತಿರ ಬಂದ ರೋಮಿನ ಶತಾಧಿಪತಿ, ಕಾನಾನಿನ ಹೆಂಗಸು ಇಬ್ಬರೂ ಅವನ ಜನರಲ್ಲ. ಇವರ ನಂಬಿಕೆ ದೊಡ್ಡದು ಅಂತ ಅವನು ಹೊಗಳಿದ್ದು ಆ ಇಬ್ಬರನ್ನೇ. ನನಗೆ ನಿರೀಕ್ಷೆ ಸಿಕ್ಕಿದ್ದು ಕ್ರಿಸ್ತನಲ್ಲಿ, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ನೀವು ಏನಾಗಬೇಕು ಅನ್ನುವುದು ನಿಮಗೂ ದೇವರಿಗೂ ಬಿಟ್ಟದ್ದು, ನಾನು ನಡುವೆ ಕೈ ಹಾಕಲಾರೆ. ಒಂದು ಮಾತ್ರ ಹೇಳುತ್ತೇನೆ, ಬತ್ತಿ ಹಚ್ಚಿ ತಕ್ಷಣ ಬಸ್ಸಿಗೆ ಓಡಬೇಡಿ. ಲೂಕನ ಸುವಾರ್ತೆ ಒಂದು ತೆಗೆದುಕೊಂಡು ಹೋಗಿ, ಅಲ್ಲೇ ನೆರಳಲ್ಲಿ ಕುಳಿತು ಒಂದೊಂದು ಅಧ್ಯಾಯ ಓದಿ.

ಪ್ರಶ್ನೆ: ನನಗೆ 79. ಹೆಂಡತಿ ಇಲ್ಲ, ಮಕ್ಕಳು ಆಸ್ಟ್ರೇಲಿಯಾದಲ್ಲಿ. ಸಭೆಯಿಂದ ಯಾರೂ ಬರುವುದಿಲ್ಲ. ಕಿವಿ ಮಂದ, ಪ್ರಸಂಗ ಕೇಳಿಸುವುದಿಲ್ಲ. ಈ ವಯಸ್ಸಿನಲ್ಲಿ ಇನ್ನು ಯಾವ ನಿರೀಕ್ಷೆ? (ಮೈಸೂರು)

ಅಣ್ಣಾ, ದೇವಾಲಯದಲ್ಲಿ ಮಗು ಯೇಸುವನ್ನು ಗುರುತು ಹಿಡಿದವರು ಇಬ್ಬರೇ, ಇಬ್ಬರೂ ಮುದುಕರು. ಸಿಮೆಯೋನ ಒಬ್ಬ, ಅನ್ನಳು ಒಬ್ಬಳು. ಮದುವೆಯಾಗಿ ಏಳು ವರ್ಷಕ್ಕೆ ಗಂಡ ಹೋದ, ಈಗ 84 ಅಂತ ಲೂಕ ಲೆಕ್ಕ ಕೊಟ್ಟಿದ್ದಾನೆ. ಅಂದರೆ ನೀವು ಇನ್ನೂ ಚಿಕ್ಕವರು.

ಸಭೆಯವರು ಬರಬೇಕಿತ್ತು. ಅದು ಅವರ ತಪ್ಪು, ಸಭಾಪಾಲಕರಿಗೆ ಪತ್ರ ಬರೆದು ಹೇಳಿ. ಅಷ್ಟರಲ್ಲಿ ನಿಮಗೆ ಒಂದು ಕೆಲಸ ಕೊಡುತ್ತೇನೆ. ಈ ಪುಟದ ಮೊದಲ ಪತ್ರ ಬರೆದ ಹುಡುಗಿಗಾಗಿ ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡಿ. ನಿನ್ನ ಪಾಲಿನದನ್ನು ನಾವು ಮಾಡುತ್ತೇವೆ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ, ಆ ‘ನಾವು’ ಅನ್ನುವುದರಲ್ಲಿ ನಿಮ್ಮನ್ನು ಕೇಳದೆಯೇ ಸೇರಿಸಿಬಿಟ್ಟಿದ್ದೇನೆ. ಹಾಸನದ ತಾಯಿಯ ಸಾಲ, ಬೆಂಗಳೂರಿನ ಹುಡುಗನ ಸಿಟ್ಟು, ಅವನ್ನೂ ಪಟ್ಟಿಗೆ ಹಾಕಿಕೊಳ್ಳಿ. ನಿಮಗೆ ಬಿಡುವು ಜಾಸ್ತಿ ಇದೆಯಲ್ಲ.

ಕಿವಿಯನ್ನು ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಎಷ್ಟೋ ಸಲ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ. ಅಲ್ಲಿಯವರೆಗೆ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ನಮ್ಮವರು ಅಲ್ಲಿ ಯಾರೂ ಕೂರುವುದಿಲ್ಲ, ಜಾಗ ಯಾವಾಗಲೂ ಖಾಲಿ ಇರುತ್ತದೆ.